ಕಳೆನಾಶಕದ ಅವಲಂಬನೆ ತಗ್ಗಿಸಲು: ಬಿತ್ತನೆಯ ದಿನವೇ ಮಾಡಬೇಕಾದ ತೀರ್ಮಾನಗಳು

ಬಿತ್ತನೆಯಾಗಿ ಮೂರು ವಾರ ಕಳೆದ ರಾಗಿ ಹೊಲವನ್ನು ಬದುವಿನ ಮೇಲೆ ನಿಂತು ನೋಡಿದರೆ ಎಲ್ಲವೂ ಹಸಿರಾಗಿ ಕಾಣುತ್ತದೆ. ಇಳಿದು ಬಗ್ಗಿ ನೋಡಿದಾಗಲೇ ಆ ಹಸಿರಿನಲ್ಲಿ ಬೆಳೆಯ ಪಾಲೆಷ್ಟು, ಕಳೆಯ ಪಾಲೆಷ್ಟು ಎಂಬುದು ತಿಳಿಯುತ್ತದೆ. ಅಷ್ಟರಲ್ಲಿ ಊರಿನವರಿಗೆಲ್ಲ ಒಂದೇ ವಾರದಲ್ಲಿ ಆಳು ಬೇಕಾಗಿರುತ್ತದೆ, ಮಳೆ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡುವುದಿಲ್ಲ, ಚೆಲ್ಲಿ ಬಿತ್ತಿದ ಹೊಲದಲ್ಲಿ ಎತ್ತು ಇಳಿಸಲು ದಾರಿಯೂ ಇರುವುದಿಲ್ಲ. ಆಗ ಗೊಬ್ಬರದಂಗಡಿಯ ಬಾಟಲಿಯೊಂದೇ ಕಣ್ಣಿಗೆ ಬೀಳುತ್ತದೆ. ಕಳೆನಾಶಕ ಕೊಳ್ಳುವ ತೀರ್ಮಾನ ಇಪ್ಪತ್ತನೆಯ ದಿನ ಆದಂತೆ ತೋರಿದರೂ ಅದು ಆಗಿರುವುದು ಬಿತ್ತನೆಯ ದಿನವೇ, ಸಾಲುಗಳ ನಡುವೆ ಕಳೆ ಕಡಿಯುವ ಕುಂಟೆ ಹೋಗುವಷ್ಟು ಜಾಗ ಬಿಡದೆ ಬೀಜ ಚೆಲ್ಲಿದಾಗ. ಆದ್ದರಿಂದ ಕಳೆನಾಶಕವನ್ನು ಕೈಬಿಡಬೇಕೆನ್ನುವವರು ಮೊದಲು ಸಾಲಾಗಿ ಬೀಜ ಬಿತ್ತುವ ಕೂರಿಗೆಯ ಕಡೆ ನೋಡಬೇಕು.

ಬಿಡಬೇಕೇಕೆ ಎಂಬುದನ್ನು ಬಹಳ ಬೆಳೆಸುವ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಅದನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕವಷ್ಟೇ ಬಳಸಬೇಕೆಂದು ನಿರ್ಬಂಧಿಸಿತು. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಹೊಟ್ಟೆಗೆ ಸೇರಿದರೆ ಅದಕ್ಕೆಂದೇ ಇರುವ ಪ್ರತಿವಿಷವಿಲ್ಲ. ಇನ್ನು ಒಂದೇ ಔಷಧಿಯನ್ನು ವರ್ಷಗಟ್ಟಲೆ ಹೊಡೆದರೆ ಏನಾಗುತ್ತದೆ ಎಂಬುದನ್ನು ಪಂಜಾಬ್ ಮತ್ತು ಹರಿಯಾಣದ ಗೋಧಿ ಬೆಳೆಗಾರರು 1990ರ ದಶಕದಲ್ಲೇ ಕಂಡರು. ಐಸೋಪ್ರೋಟ್ಯುರಾನ್ ಎಂಬ ಕಳೆನಾಶಕಕ್ಕೆ ಜಗ್ಗದ ಹುಲ್ಲು ಅವರ ಹೊಲಗಳನ್ನು ಆವರಿಸಿತು. ನಮ್ಮ ಹಳೇ ಮೈಸೂರಿನ ಕಡೆ ಮತ್ತೊಂದು ನಷ್ಟವೂ ಇದೆ. ರಾಗಿ ಹೊಲದ ಅಣ್ಣೆ ಸೊಪ್ಪು, ಗೋಣಿ ಸೊಪ್ಪುಗಳನ್ನು ಮಡಿಲಿಗೆ ಆಯ್ದು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದ ಹೆಂಗಸರಿಗೆ ಔಷಧಿ ಬಿದ್ದ ಹೊಲ ಹಿತ್ತಲಾಗಿ ಉಳಿಯುವುದಿಲ್ಲ.

ಎಷ್ಟು ದಿನ ಕಾವಲು ಬೇಕು

ಕಳೆಯಿಲ್ಲದ ಹೊಲವನ್ನು ಗುರಿಯಾಗಿಟ್ಟುಕೊಂಡರೆ ಸೋಲು ಖಚಿತ. ಬೆಳೆಯ ಒಟ್ಟು ಅವಧಿಯ ಮೊದಲ ಮೂರನೆಯ ಒಂದು ಭಾಗದಲ್ಲಿ ಕಳೆಯನ್ನು ತಡೆದರೆ ಇಳುವರಿಯ ಬಹುಪಾಲು ಉಳಿಯುತ್ತದೆ ಎಂಬುದು ಕೃಷಿ ವಿಜ್ಞಾನಿಗಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. 115 ದಿನದ ರಾಗಿಗೆ ಇದು ಸುಮಾರು 40 ದಿನ. ಮುಸುಕಿನ ಜೋಳಕ್ಕೂ ಹೆಚ್ಚುಕಡಿಮೆ ಅಷ್ಟೇ. ನಿಧಾನವಾಗಿ ಬೆಳೆಯುವ ಹತ್ತಿಗೆ 60 ದಿನದವರೆಗೆ ಹೋಗುತ್ತದೆ. ಎಲೆ ಅಗಲವಾಗದ, ನೆಲವನ್ನು ಎಂದೂ ಮುಚ್ಚದ ಈರುಳ್ಳಿಗೆ ಕಾವಲು ಇನ್ನೂ ದೀರ್ಘವಾಗಿರಬೇಕಾಗುತ್ತದೆ. ಈ ಅವಧಿ ಮುಗಿದ ಮೇಲೆ ಹುಟ್ಟುವ ಕಳೆ ಬೆಳೆಯ ನೆರಳಿನಲ್ಲಿ ಸೊರಗುತ್ತದೆ. ಅದರ ಹಿಂದೆ ಆಳು ಓಡಿಸುವುದಕ್ಕಿಂತ, ಅದು ಬೀಜ ಕಟ್ಟದಂತೆ ಕೊನೆಯಲ್ಲಿ ಒಮ್ಮೆ ತೆನೆ ಮುರಿದರೆ ಸಾಕು.

ಹೀಗಾಗಿ ಮೊದಲ ಕೆಲಸ ಒಂದು ದಿನದರ್ಶಿಕೆಯಲ್ಲಿ ಗುರುತು ಹಾಕುವುದು: ಬಿತ್ತಿದ ದಿನ, ಅಲ್ಲಿಂದ 12ನೆಯ, 22ನೆಯ, 35ನೆಯ ದಿನ. ಆ ಮೂರು ದಿನಗಳ ಆಸುಪಾಸಿನಲ್ಲಿ ಕುಂಟೆ, ಎತ್ತು ಅಥವಾ ಯಂತ್ರ, ಕೈಯಾಳು ಯಾರಿಂದ ಬರಬೇಕು ಎಂಬುದನ್ನು ಬಿತ್ತುವ ಮುಂಚೆಯೇ ಮಾತಾಡಿಟ್ಟುಕೊಳ್ಳಬೇಕು. ನಾಲ್ಕು ಮನೆಯವರು ಬಿತ್ತನೆಯನ್ನು ಮೂರು ನಾಲ್ಕು ದಿನ ಹಿಂದೆಮುಂದೆ ಮಾಡಿಕೊಂಡರೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಂತೆ ದುಡಿಯುವ ಮುಯ್ಯಾಳಿನ ಪದ್ಧತಿ ಇಂದಿಗೂ ನಡೆಯುತ್ತದೆ. ಎಲ್ಲರೂ ಒಂದೇ ದಿನ ಬಿತ್ತಿದಾಗ ಮಾತ್ರ ಮುಯ್ಯಿ ತೀರಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಬಿತ್ತುವ ಮುಂಚೆ

ಮಣ್ಣಿನಲ್ಲಿ ಈಗಾಗಲೇ ಬಿದ್ದಿರುವ ಕಳೆಬೀಜವನ್ನು ಬೆಳೆಗಿಂತ ಮುಂಚೆ ಮೊಳೆಯಿಸಿ ಕೊಲ್ಲುವುದು ಅತಿ ಅಗ್ಗದ ಉಪಾಯ. ಮುಂಗಾರಿನ ಹದ ಮಳೆ ಬಿದ್ದೊಡನೆ ನೆಲವನ್ನು ಬಿತ್ತನೆಗೆ ಸಿದ್ಧ ಮಾಡಿ, ಬೀಜ ಹಾಕದೆ 8ರಿಂದ 10 ದಿನ ಬಿಡಬೇಕು. ಆ ವೇಳೆಗೆ ಮಣ್ಣನ್ನು ಬೆರಳಿನಿಂದ ಕೆದಕಿದರೆ ಬಿಳಿ ದಾರದ ಎಳೆಗಳಂತಹ ಮೊಳಕೆಗಳು ಕಾಣುತ್ತವೆ. ಮೇಲೆ ಇನ್ನೂ ಹಸಿರು ಬಂದಿರುವುದಿಲ್ಲ, ಬಂದಿದ್ದರೂ ಎರಡೆಲೆಯಷ್ಟೇ. ಆಗ ಎರಡು ಬೆರಳಗಲದಷ್ಟು ಆಳಕ್ಕೆ ಮಾತ್ರ ಕುಂಟೆ ಹೊಡೆದರೆ ಆ ಎಳೆಗಳೆಲ್ಲ ಕಡಿದು ಬಿಸಿಲಿಗೆ ಒಣಗುತ್ತವೆ. ಇಲ್ಲಿ ಅನೇಕರು ಮಾಡುವ ತಪ್ಪು ಆಳವಾಗಿ ನೇಗಿಲು ಅಥವಾ ರೋಟವೇಟರ್ ಹೊಡೆಯುವುದು. ಹಾಗೆ ಮಾಡಿದರೆ ಕೆಳಗೆ ಮಲಗಿದ್ದ ಹೊಸ ಬೀಜ ಮೇಲೆ ಬಂದು ಇಡೀ ಶ್ರಮ ವ್ಯರ್ಥವಾಗುತ್ತದೆ. ಜುಲೈನಲ್ಲಿ ಬಿತ್ತುವ ರಾಗಿಗೆ ಇಂತಹ ಎರಡು ಸುತ್ತು ಮಾಡಲೂ ಸಮಯವಿರುತ್ತದೆ. ಮಳೆಯಾಶ್ರಿತ ಹತ್ತಿ, ನೆಲಗಡಲೆಗಳಲ್ಲಿ ಬಿತ್ತನೆ ತಡವಾದರೆ ಕಳೆ ತಗ್ಗಿಸಿದ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು, ಆದ್ದರಿಂದ ಅಲ್ಲಿ ಒಂದೇ ಸುತ್ತಿಗೆ ನಿಲ್ಲಿಸುವುದು ಒಳ್ಳೆಯದು.

ತಿಪ್ಪೆಗೊಬ್ಬರದ ಬಗ್ಗೆಯೂ ಒಂದು ಮಾತು ಹೇಳಬೇಕು. ಅರೆಬೆಂದ ಗೊಬ್ಬರ ಕಳೆಬೀಜದ ಮೂಟೆಯೇ ಸರಿ. ಗುಡ್ಡೆಯ ಒಳಗೆ ಕೆಲವು ದಿನಗಳಾದರೂ 55 ಡಿಗ್ರಿ ಸೆಲ್ಸಿಯಸ್ ಮೀರಿ ಕಾವು ಏರಿ, ಹೊರಗಿನ ಪದರ ಒಳಗೆ ಹೋಗುವಂತೆ ಎರಡು ಮೂರು ಸಲ ತಿರುವಿದ ಗೊಬ್ಬರದಲ್ಲಿ ಹೆಚ್ಚಿನ ಬೀಜ ಸಾಯುತ್ತದೆ. ಕೈ ಹಾಕಿದರೆ ತಡೆಯಲಾರದಷ್ಟು ಬಿಸಿ ಇರಬೇಕು ಎಂಬುದು ಥರ್ಮಾಮೀಟರ್ ಇಲ್ಲದವರ ಅಳತೆ. ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವವರು, ಮಂದೆ ಯಾವ ಕಡೆಯಿಂದ ಮೇಯ್ದು ಬಂದಿದೆ ಎಂದು ಕೇಳಿಯೇ ನಿಲ್ಲಿಸಬೇಕು.

ಸಾಲು, ಕುಂಟೆ, ಹದ

ಈಗ ಮುಖ್ಯ ವಿಷಯಕ್ಕೆ ಬರೋಣ. ರಾಗಿಯನ್ನು 30 ಸೆಂಟಿಮೀಟರ್ ಅಂತರದ ಸಾಲಿನಲ್ಲಿ ಕೂರಿಗೆಯಿಂದ ಬಿತ್ತಿದರೆ ಒಂದು ಎಕರೆಯಲ್ಲಿರುವ ಸಾಲುಗಳ ಒಟ್ಟು ಉದ್ದ ಸುಮಾರು 13.5 ಕಿಲೋಮೀಟರ್ ಆಗುತ್ತದೆ; 60 ಸೆಂಟಿಮೀಟರ್ ಅಂತರದ ಮುಸುಕಿನ ಜೋಳದಲ್ಲಿ ಅದು 6.7 ಕಿಲೋಮೀಟರ್. ಹಳೆಯ ಸೈಕಲ್ಲಿನ ಗಾಲಿಗೆ ಕುಳ (ಕಬ್ಬಿಣದ ಅಲಗು) ಜೋಡಿಸಿದ ಸೈಕಲ್ ಕುಂಟೆಯನ್ನು ತಳ್ಳುವವನು ಒಂದು ಎಕರೆ ಮುಗಿಸಲು ನಡೆಯಬೇಕಾದ ದೂರ ಇಷ್ಟೇ. ಈ ಲೆಕ್ಕ ಗೊತ್ತಿದ್ದರೆ ಒಬ್ಬ ವ್ಯಕ್ತಿಯಿಂದ ಒಂದು ದಿನದಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಊಹೆಯಾಗಿ ಉಳಿಯುವುದಿಲ್ಲ. ಮುಸುಕಿನ ಜೋಳದ ಒಂದು ಎಕರೆಯನ್ನು ಮನೆಯವರೇ ಮುಗಿಸಬಹುದು. ಐದು ಎಕರೆ ರಾಗಿ ಇದ್ದವರು ಎತ್ತಿನ ಎಡೆಕುಂಟೆಯನ್ನೋ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಯ ಪವರ್ ವೀಡರನ್ನೋ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಸಾಲು ಸೊಟ್ಟಗಾದರೆ ಎಲ್ಲವೂ ಕೆಟ್ಟಂತೆ. ಕೂರಿಗೆಯ ತಾಳುಗಳ (ಬೀಜ ಇಳಿಯುವ ಕಾಲುಗಳ) ಅಂತರವೂ ಎಡೆಕುಂಟೆಯ ಕುಳಗಳ ಅಂತರವೂ ಹೊಂದಿಕೆಯಾಗಿರಬೇಕು. ಒಂದು ಸಲ ಬಿತ್ತಿದ ಪಟ್ಟಿಯೂ ಪಕ್ಕದ ಪಟ್ಟಿಯೂ ಸೇರುವಲ್ಲಿ ಅಂತರ ಹೆಚ್ಚುಕಡಿಮೆಯಾಗುವುದು ಸಹಜವಾದ್ದರಿಂದ, ಬಿತ್ತುವಾಗ ಎಷ್ಟು ಸಾಲು ಹಿಡಿದಿತ್ತೋ ಎಡೆ ಹೊಡೆಯುವಾಗಲೂ ಅಷ್ಟೇ ಸಾಲನ್ನು, ಅದೇ ಪಟ್ಟಿಯಲ್ಲಿ, ಅದೇ ಬದುವಿನಿಂದ ಹಿಡಿಯಬೇಕು. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬಿತ್ತಿಸಿ ಎತ್ತಿನ ಕುಂಟೆ ಹೊಡೆಯುವವರು ಇದನ್ನು ಮರೆತು ಬೆಳೆಯನ್ನೇ ಕಿತ್ತುಕೊಂಡಿರುವುದನ್ನು ನೋಡಿದ್ದೇನೆ. 30 ಸೆಂಟಿಮೀಟರ್ ಸಾಲಿಗೆ 15 ಸೆಂಟಿಮೀಟರ್ ಅಗಲದ ಕುಳ ಸಾಕು, ಎರಡೂ ಬದಿ ಒಂದು ಗೇಣಿನ ಮೂರನೆಯ ಒಂದು ಪಾಲಿನಷ್ಟು ಜಾಗ ಬೆಳೆಗೆ ಉಳಿಯುತ್ತದೆ. ಕುಳ ಮೊಂಡಾಗಿದ್ದರೆ ಕಳೆ ಕಡಿಯುವ ಬದಲು ಬಾಗಿ ಜಾರುತ್ತದೆ. ಅರವನ್ನು ಜೇಬಿನಲ್ಲೇ ಇಟ್ಟುಕೊಂಡು ಆಗಾಗ ಮಸೆಯಬೇಕು.

ಹದ ನೋಡುವ ಬಗೆ ಹೀಗೆ: ಒಂದು ಹಿಡಿ ಮಣ್ಣನ್ನು ಅದುಮಿ ಸೊಂಟದ ಎತ್ತರದಿಂದ ಬಿಡಿ. ಪುಡಿಯಾಗಿ ಚೆದುರಿದರೆ ಕುಂಟೆ ಇಳಿಸಬಹುದು, ಉಂಡೆಯಾಗಿಯೇ ಬಿದ್ದರೆ ಇನ್ನೊಂದು ದಿನ ತಡೆಯಬೇಕು. ಎರೆ ಭೂಮಿಯಲ್ಲಿ ಈ ಅವಕಾಶ ಬಹಳ ಕಿರಿದು, ಕೆಂಪು ಮಣ್ಣಿನಲ್ಲಿ ಸ್ವಲ್ಪ ಉದಾರ. ಬೆಳಿಗ್ಗೆ ಬಿಸಿಲೇರುವ ಸಮಯಕ್ಕೆ ಕಡಿದ ಕಳೆ ಸಂಜೆಯೊಳಗೆ ಬಾಡುತ್ತದೆ, ಮೋಡ ಕವಿದ ದಿನ ಕಡಿದದ್ದು ರಾತ್ರಿ ಮಳೆಗೆ ಮತ್ತೆ ಬೇರು ಬಿಡುತ್ತದೆ. ಗೋಣಿ ಸೊಪ್ಪಿನಂತಹ ರಸಭರಿತ ಗಿಡಗಳಂತೂ ಕಿತ್ತು ಬಿಸಾಡಿದಲ್ಲೇ ಚಿಗುರುತ್ತವೆ, ಅವನ್ನು ಬುಟ್ಟಿಯಲ್ಲಿ ಹೊರಗೆ ಸಾಗಿಸುವುದೇ ಸರಿ.

ಕುಂಟೆ ಸಾಲುಗಳ ನಡುವಿನದನ್ನು ತೆಗೆಯುತ್ತದೆ. ಸಾಲಿನೊಳಗೆ, ಬುಡದ ಪಕ್ಕದಲ್ಲಿ ನಿಂತದ್ದು ಹಾಗೆಯೇ ಉಳಿಯುತ್ತದೆ. ಈ ಕೊರತೆಗೆ ಹಾವೇರಿ ಜಿಲ್ಲೆಯ ರೈತರು ಕಂಡುಕೊಂಡ ಗುಳಿ ರಾಗಿ ಪದ್ಧತಿಯಷ್ಟು ಚೆಂದದ ಉತ್ತರ ನನಗೆ ಬೇರೆ ಕಂಡಿಲ್ಲ. ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಸುಮಾರು 45 ಸೆಂಟಿಮೀಟರ್ ಅಂತರದಲ್ಲಿ ಗೆರೆ ಎಳೆದು, ಗೆರೆಗಳು ಸೇರುವ ಜಾಗದ ಗುಳಿಗೆ ಹಿಡಿ ಗೊಬ್ಬರ ಹಾಕಿ, ಮೂರು ವಾರ ದಾಟಿದ ಎರಡು ಪೈರನ್ನು ನೆಡುತ್ತಾರೆ. ಗಿಡಗಳು ಚೌಕದ ಮೂಲೆಗಳಲ್ಲಿ ನಿಂತಿರುವುದರಿಂದ ಎಡೆಕುಂಟೆ ಉದ್ದಕ್ಕೂ ಹೋಗುತ್ತದೆ, ಅಡ್ಡಕ್ಕೂ ಹೋಗುತ್ತದೆ. ಒಂದು ಬದಿಯಲ್ಲಿ ತಪ್ಪಿಸಿಕೊಂಡ ಕಳೆ ಇನ್ನೊಂದು ಬದಿಯಿಂದ ಸಿಕ್ಕಿಬೀಳುತ್ತದೆ. ನೆಲ ಹಸಿಯಾಗಿರುವಾಗ ಕೊರಡು ಎಂಬ ಹಗುರವಾದ ಮರದ ತುಂಡನ್ನು ಎಳೆ ಪೈರಿನ ಮೇಲೆಯೇ ಎಳೆಸುತ್ತಾರೆ. ಮೊದಲ ಸಲ ನೋಡುವವರಿಗೆ ಬೆಳೆ ಹಾಳು ಮಾಡುತ್ತಿದ್ದಾರೆ ಎನಿಸುತ್ತದೆ. ಮಲಗಿದ ಪೈರು ಕೆಲವೇ ದಿನಗಳಲ್ಲಿ ಎದ್ದು ಬುಡದಿಂದ ಹೊಸ ತೆಂಡೆಗಳನ್ನು ಒಡೆಯುತ್ತದೆ, ತೆಂಡೆ ಹೆಚ್ಚಾದಂತೆ ನೆಲ ಬೇಗ ಮುಚ್ಚಿಕೊಳ್ಳುತ್ತದೆ, ಕಳೆಗೆ ಬಿಸಿಲು ಸಿಗುವುದಿಲ್ಲ. ನಾಟಿಗೆ ಕೈ ಹೆಚ್ಚು ಬೇಕು ಎಂಬುದು ಇದರ ನಿಜವಾದ ತೊಡಕು. ಎಲ್ಲ ಹೊಲಕ್ಕೂ ಮಾಡಲಾಗದವರು ಕಳೆ ಹೆಚ್ಚು ಕಾಡುವ ಒಂದು ಎಕರೆಗಾದರೂ ಮಾಡಿ ನೋಡಬಹುದು.

ಮುಸುಕಿನ ಜೋಳ, ಹತ್ತಿಗಳಲ್ಲಿ 30ರಿಂದ 35 ದಿನಕ್ಕೆ ಬುಡಕ್ಕೆ ಮಣ್ಣು ಏರಿಸುವುದರಿಂದ ಸಾಲಿನೊಳಗಿನ ಸಣ್ಣ ಕಳೆ ಹೂತುಹೋಗುತ್ತದೆ. ನೆಲಗಡಲೆಯಲ್ಲಿ ಮಾತ್ರ ಎಚ್ಚರ ಬೇಕು: ಹೂವಿನ ಬುಡದಿಂದ ಹೊರಟ ಮೊನೆಗಳು ಮಣ್ಣಿಗೆ ಇಳಿಯತೊಡಗಿದ ಮೇಲೆ, ಅಂದರೆ ಸುಮಾರು 45 ದಿನದ ನಂತರ, ಕುಂಟೆಯನ್ನು ಹೊಲದ ಹತ್ತಿರವೂ ತರಬಾರದು. ಆಮೇಲೆ ಕಂಡದ್ದನ್ನು ಕೈಯಿಂದ ಮೆಲ್ಲಗೆ ಕಿತ್ತರಾಯಿತು.

ಬೆಳೆಯಿಂದಲೇ ನೆರಳು

ಮುಖ್ಯ ಬೆಳೆಯ ನಡುನಡುವೆ ಬೇರೆ ಬೆಳೆ ಹಾಕುವ ಅಕ್ಕಡಿ ಸಾಲು ನಮ್ಮ ಹಿರಿಯರು ಕಾಳಿಗಾಗಿ ಮಾಡಿದ ವ್ಯವಸ್ಥೆ ಎಂದು ನಾವು ತಿಳಿದಿದ್ದೇವೆ. ಅದು ಕಳೆಯ ಕೆಲಸವನ್ನೂ ಮಾಡುತ್ತದೆ. ರಾಗಿಯ ಎಂಟು ಸಾಲಿಗೆ ತೊಗರಿಯ ಎರಡು ಸಾಲು, ಅಥವಾ ನಡುನಡುವೆ ಅವರೆ ಹಾಕಿದಾಗ ರಾಗಿ ಕೊಯ್ಲಾದ ಮೇಲೂ ನೆಲ ಬರಿದಾಗುವುದಿಲ್ಲ. 90 ಸೆಂಟಿಮೀಟರ್ ಅಂತರದ ತೊಗರಿ ಮೊದಲ ಎರಡು ತಿಂಗಳು ನೆಲವನ್ನು ಮುಚ್ಚುವುದೇ ಇಲ್ಲ. ಅಲ್ಲಿ ಅಲಸಂದೆಯನ್ನೋ ಹೆಸರನ್ನೋ ನಡುವೆ ಬಿತ್ತಿದರೆ ಕಳೆಯ ಜಾಗವನ್ನು ಕಾಳು ಹಿಡಿಯುತ್ತದೆ. ಮುಸುಕಿನ ಜೋಳದ ಸಾಲುಗಳ ನಡುವೆ ಸೆಣಬು ಬಿತ್ತಿ ಹೂ ಬರುವ ಮುಂಚೆ ಕಡಿದು ಅಲ್ಲೇ ಹೊದಿಸುವುದೂ ಒಂದು ಉಪಾಯ. ಆದರೆ ಅಟ್ರಜಿನ್ ಎಂಬ ಕಳೆನಾಶಕ ಹೊಡೆದ ಹೊಲದಲ್ಲಿ ಇವಾವುವೂ ಸಾಧ್ಯವಿಲ್ಲ, ದ್ವಿದಳ ಬೆಳೆಗಳು ಅದನ್ನು ತಾಳುವುದಿಲ್ಲ. ಒಂದು ಬಾಟಲಿ ಎಷ್ಟು ಬಾಗಿಲು ಮುಚ್ಚುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಕಬ್ಬಿನಲ್ಲಿ ರವದಿಯನ್ನು (ಒಣಗಿದ ಎಲೆಗಳನ್ನು) ಸುಡದೆ ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ಕೊಯ್ದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಯ ಕಳೆ ಗಮನಾರ್ಹವಾಗಿ ತಗ್ಗುತ್ತದೆ, ನೀರೂ ಉಳಿಯುತ್ತದೆ. ತೆಂಗು, ಅಡಿಕೆ ತೋಟಗಳಲ್ಲಿ ನೆಲವನ್ನು ಬೋಳು ಮಾಡುವ ಹಠವನ್ನೇ ಕೈಬಿಡಬೇಕು: ಬುಡದ ಸುತ್ತ ಗರಿ, ಸೋಗೆ, ಸಿಪ್ಪೆಯ ಹೊದಿಕೆಯನ್ನು ಕಾಂಡಕ್ಕೆ ತಾಗದಂತೆ ಹಾಕಿ, ಉಳಿದ ಜಾಗದ ಹುಲ್ಲನ್ನು ಬೀಜ ಕಟ್ಟುವ ಮುಂಚೆ ಯಂತ್ರದಿಂದ ಕತ್ತರಿಸುತ್ತಿದ್ದರೆ ಸಾಕು. ಇಳಿಜಾರಿನ ಮಲೆನಾಡಿನ ತೋಟದಲ್ಲಿ ಕಳೆನಾಶಕ ಹೊಡೆದು ಬೋಳಾದ ನೆಲದ ಮೇಲ್ಮಣ್ಣು ಒಂದೇ ಮಳೆಗಾಲದಲ್ಲಿ ಹಳ್ಳ ಸೇರುತ್ತದೆ.

ಗದ್ದೆಯಲ್ಲಿ

ನಾಟಿ ಭತ್ತದಲ್ಲಿ ನೀರೇ ಕಳೆನಾಶಕ. ಒಂದು ವಾರದ ಅಂತರದಲ್ಲಿ ಎರಡು ಸಲ ಕೆಸರು ಮಾಡಿ, ಹಲಗೆ ಹೊಡೆದು ಮಟ್ಟ ಮಾಡಿದ ಗದ್ದೆಯಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಹೆಚ್ಚಿನ ಹುಲ್ಲು ಮೊಳೆಯುವುದೇ ಇಲ್ಲ. ದಿಬ್ಬವಾಗಿ ಉಳಿದ ಜಾಗಗಳಲ್ಲೇ ಕಳೆ ಗುಂಪು ಕಟ್ಟುತ್ತದೆ. ಮಟ್ಟ ಮಾಡುವ ದಿನದ ಸೋಮಾರಿತನಕ್ಕೆ ಮುಂದಿನ 40 ದಿನ ದಂಡ ಕಟ್ಟಬೇಕಾಗುತ್ತದೆ. 25 ಸೆಂಟಿಮೀಟರ್ ಚೌಕದಲ್ಲಿ ನಾಟಿ ಮಾಡುವ ಶ್ರೀ ಪದ್ಧತಿಯವರು ನೆಟ್ಟ 10ರಿಂದ 12 ದಿನಕ್ಕೆ ತೆಳುವಾಗಿ ನೀರು ನಿಲ್ಲಿಸಿ ಕೋನೋ ವೀಡರ್ ಎಂಬ ಕಳೆ ತೆಗೆಯುವ ಸಾಧನವನ್ನು ತಳ್ಳುತ್ತಾರೆ, ಮತ್ತೆ ಹತ್ತು ದಿನಕ್ಕೊಮ್ಮೆ ಮೂರು ಸಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹಬ್ಬುತ್ತಿರುವ ನೇರ ಬಿತ್ತನೆಗೆ ಕಳೆಯೇ ದೊಡ್ಡ ಶತ್ರು. ಅಲ್ಲಿ ಚೆಲ್ಲುವ ಬದಲು ಡ್ರಮ್ ಸೀಡರ್‌ನಿಂದ ಸಾಲಾಗಿ ಬಿತ್ತಿದರೆ ವೀಡರ್ ಓಡಿಸಲಾದರೂ ಆಗುತ್ತದೆ.

ಭತ್ತದ ಪೈರಿನ ವೇಷದಲ್ಲೇ ನಿಲ್ಲುವ ಹುಲ್ಲೊಂದಿದೆ, ಅನುಭವಿ ಹೆಂಗಸರೂ ಕೆಲವೊಮ್ಮೆ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಎಲೆಯನ್ನು ಕಾಂಡದಿಂದ ಸ್ವಲ್ಪ ಹಿಂದಕ್ಕೆ ಬಾಗಿಸಿ ಎರಡೂ ಸೇರುವ ಜಾಗವನ್ನು ನೋಡಬೇಕು. ಭತ್ತಕ್ಕೆ ಅಲ್ಲಿ ಬಿಳಿಯ ತೆಳು ಪೊರೆಯೊಂದು ಎದ್ದು ನಿಂತಿರುತ್ತದೆ. ಆ ಹುಲ್ಲಿಗೆ ಅಲ್ಲಿ ಏನೂ ಇರುವುದಿಲ್ಲ, ಬೋಳು. ಸಸಿಮಡಿಯಲ್ಲೇ ಇದನ್ನು ಆಯ್ದು ಬಿಸಾಡಿದರೆ ಗದ್ದೆಗೆ ನಾವೇ ಅದನ್ನು ಹೊತ್ತು ನೆಡುವುದು ತಪ್ಪುತ್ತದೆ.

ಜೇಕು, ಗರಿಕೆ, ಕಾಂಗ್ರೆಸ್ ಹುಲ್ಲು

ಜೇಕು ಇರುವ ಹೊಲಕ್ಕೆ ಹಸಿಯಲ್ಲಿ ರೋಟವೇಟರ್ ಇಳಿಸಿದರೆ ಗಡ್ಡೆಗಳ ಸರಪಳಿ ತುಂಡಾಗಿ ಪ್ರತಿ ತುಂಡೂ ಹೊಸ ಗಿಡವಾಗುತ್ತದೆ. ಗರಿಕೆಯದೂ ಇದೇ ಕಥೆ. ಬೇಸಿಗೆಯಲ್ಲಿ, ಮುಂದೆ ಎರಡು ಮೂರು ವಾರ ಮಳೆಯ ಸೂಚನೆ ಇಲ್ಲದಾಗ, ನೇಗಿಲಿನಿಂದ ಮಣ್ಣು ಮಗುಚಿ ಗಡ್ಡೆಗಳನ್ನು ಬಿಸಿಲಿಗೆ ಹಾಕಬೇಕು. ಹೆಚ್ಚಿನ ಗಡ್ಡೆಗಳು ಮೇಲಿನ ಒಂದು ಗೇಣು ಮಣ್ಣಿನಲ್ಲೇ ಇರುತ್ತವೆ. ಜೇಕಿಗೆ ನೆರಳು ಆಗದು, ಆದ್ದರಿಂದ ದಟ್ಟವಾಗಿ ಬೆಳೆಯುವ ಸೆಣಬು ಅಥವಾ ಮೇವಿನ ಜೋಳವನ್ನು ಒಂದು ಹಂಗಾಮು ಬೆಳೆಯುವುದು ಅದರ ಸೊಕ್ಕು ಮುರಿಯುತ್ತದೆ. ತರಕಾರಿ ಮಡಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ನೀರು ಕೊಟ್ಟು ಪಾರದರ್ಶಕ ಪಾಲಿಥೀನ್ ಹೊದಿಸಿ ಅಂಚು ಮುಚ್ಚಿ ನಾಲ್ಕರಿಂದ ಆರು ವಾರ ಬಿಡುವ ಉಪಾಯ ಬೀಜದಿಂದ ಹುಟ್ಟುವ ಕಳೆಗಳಿಗೆ ಚೆನ್ನಾಗಿ ಒದಗುತ್ತದೆ, ಜೇಕಿಗೆ ಅಷ್ಟಾಗಿ ಅಲ್ಲ. ಅದರ ಮೊನೆ ಪ್ಲಾಸ್ಟಿಕ್ಕನ್ನೇ ತೂತು ಮಾಡಿಕೊಂಡು ಬರುತ್ತದೆ.

1955ರಲ್ಲಿ ಪುಣೆಯ ಬಳಿ ಗುರುತಿಸಲ್ಪಟ್ಟ ಪಾರ್ಥೇನಿಯಂ ಈಗ ಎಲ್ಲ ಊರಿನ ರಸ್ತೆಬದಿಯ ಕಾಂಗ್ರೆಸ್ ಹುಲ್ಲು. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುಂಚೆ, ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಬೇಕು. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸಬಲ್ಲದು. ಅದರ ಎಲೆ ತಿನ್ನುವ ಮೆಕ್ಸಿಕೋದ ಪಟ್ಟೆ ದುಂಬಿಯನ್ನು 1980ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನಲ್ಲೇ ತರಿಸಿ ಬಿಡಲಾಯಿತು. ಮಳೆಗಾಲದಲ್ಲಿ ಬದುವಿನ ಗಿಡಗಳ ಎಲೆ ಜರಡಿಯಾಗಿದ್ದರೆ ಅಲ್ಲಿ ಔಷಧಿ ಹೊಡೆಯದೆ ದುಂಬಿಗೆ ಬಿಟ್ಟುಕೊಡಿ.

ಮೊಬೈಲಿನಲ್ಲಿ ಹರಿದಾಡುವ ಉಪ್ಪು, ಗೋಮೂತ್ರ, ಸೋಪಿನ ಪುಡಿಯ ಮಿಶ್ರಣಗಳನ್ನು ಹೊಲಕ್ಕೆ ಸುರಿಯಬೇಡಿ. ಎಲೆ ಸುಡುವುದು ನಿಜ, ಆದರೆ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ, ಬೇರು ಮತ್ತೆ ಚಿಗುರುತ್ತದೆ.

ಹೊಡೆಯಲೇಬೇಕಾದರೆ

ಒಂದೇ ವರ್ಷದಲ್ಲಿ ಕಳೆನಾಶಕವನ್ನು ಪೂರ್ತಿ ಬಿಡುವುದಕ್ಕಿಂತ ಮೊದಲ ವರ್ಷ ಒಂದು ಎಕರೆಯಲ್ಲಿ ಬಿಟ್ಟು ನೋಡುವುದು ವಿವೇಕ. ಉಳಿದಲ್ಲಿ ಸಾಲಿನ ಮೇಲಷ್ಟೇ 20 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಸಿಂಪಡಿಸಿ ನಡುವೆ ಕುಂಟೆ ಹೊಡೆದರೆ, 60 ಸೆಂಟಿಮೀಟರ್ ಅಂತರದ ಬೆಳೆಯಲ್ಲಿ ಔಷಧಿಯ ಮೂರನೆಯ ಎರಡು ಪಾಲು ಉಳಿತಾಯವಾಗುತ್ತದೆ. ಕೀಟನಾಶಕಕ್ಕೆ ಬಳಸುವ ನಾಜಲ್ ಬೇಡ, ಚಪ್ಪಟೆಯಾಗಿ ಬೀಳುವ ನಾಜಲ್ ಇರಬೇಕು. ಪಂಪನ್ನಂತೂ ಬೇರೆಯೇ ಇಡಬೇಕು. ಹಿಂದೆ ಒಮ್ಮೆ ನಾನು ಪಕ್ಕದ ಹೊಲದವರಿಂದ ಎರವಲು ತಂದ ಪಂಪನ್ನು ಎರಡು ಸಲ ನೀರಿನಲ್ಲಿ ತೊಳೆದು ಟೊಮೇಟೊಗೆ ಪೋಷಕಾಂಶ ಹೊಡೆದಿದ್ದೆ. ಒಂದು ವಾರದೊಳಗೆ ಕುಡಿ ಎಲೆಗಳು ದಾರದಂತೆ ಸುರುಟಿಕೊಂಡವು. ಆ ಪಂಪಿನಲ್ಲಿ ಅದಕ್ಕೆ ಮುಂಚೆ 2,4-ಡಿ ಎಂಬ ಕಳೆನಾಶಕ ಇತ್ತೆಂಬುದು ವಿಚಾರಿಸಿದಾಗ ತಿಳಿಯಿತು, ತಪ್ಪು ಕೇಳದೆ ತಂದ ನನ್ನದೇ.

ಯಾವ ಉಪಾಯ ನಿಮ್ಮ ಮಣ್ಣಿಗೆ ಒಗ್ಗಿತು ಎಂದು ತಿಳಿಯಲು ಒಂದು ಮೀಟರ್ ಉದ್ದಗಲದ ಬಿದಿರಿನ ಚೌಕಟ್ಟು ಮಾಡಿಕೊಂಡು, 15ನೆಯ ದಿನ ಹೊಲದ ಐದು ಕಡೆ ಇಟ್ಟು, ಒಳಗಿನ ಕಳೆಗಳನ್ನು ಎಣಿಸಿ ಬರೆದಿಡಿ. ಹುಲ್ಲು, ಜೇಕು, ಅಗಲ ಎಲೆ ಎಂದು ಮೂರು ಭಾಗ ಮಾಡಿದರೆ ಸಾಕು. ಎರಡನೆಯ ವರ್ಷ ಅದೇ ಜಾಗಗಳಲ್ಲಿ ಎಣಿಸಿದಾಗ ಒಟ್ಟು ಸಂಖ್ಯೆ ಇಳಿದಿದ್ದು ಜೇಕು ಮಾತ್ರ ಏರಿದ್ದರೆ, ಕುಂಟೆಯ ಕೆಲಸ ಸರಿಯಿದೆ, ಬೇಸಿಗೆಯ ಉಳುಮೆ ಸಾಲದು ಎಂದು ಅರ್ಥ.

ಕೊಯ್ಲಿಗೆ ಹತ್ತು ದಿನ ಮುಂಚೆ ಬದುಗಳ ಮೇಲಿನ, ಬೆಳೆಯ ನಡುವೆ ತಲೆ ಎತ್ತಿದ ಕಳೆಗಳ ತೆನೆಯನ್ನು ಚೀಲದೊಳಗೇ ಮುರಿದು ಹೊರಗೆ ಸಾಗಿಸಿ. ಕೊಯ್ಲಿನ ಯಂತ್ರ ಬೇರೆ ಊರಿನ ಹೊಲಗಳನ್ನು ಮುಗಿಸಿ ನಿಮ್ಮಲ್ಲಿಗೆ ಬರುತ್ತದೆ. ಅದು ಹೊಲಕ್ಕೆ ಇಳಿಯುವ ಮುಂಚೆ ರಸ್ತೆಯ ಬದಿಯಲ್ಲಿ ಟಾರ್ಪಾಲು ಹಾಸಿ, ಅದರ ಮೇಲೆ ಯಂತ್ರ ನಿಲ್ಲಿಸಿ, ಕಾಲು ಗಂಟೆ ಖಾಲಿ ಓಡಿಸಿ ಕೊಡವಿಸಲು ಚಾಲಕನನ್ನು ಒಪ್ಪಿಸಿ. ಟಾರ್ಪಾಲಿನ ಮೇಲೆ ಬಿದ್ದದ್ದನ್ನು ಗುಡಿಸಿ ಅಲ್ಲೇ ಸುಟ್ಟುಬಿಡಿ.